ಮುಕಾದಮನ ಕಟ್ಟೆ

ಶೇಖವ್ವನಿಗೆ ಬಾಯಿ ಇರಲಿಲ್ಲ ಎಂದು ಅವಳನ್ನು ಬಲ್ಲವರು ಯಾರೂ ಹೇಳುವ ಹಾಗಿರಲಿಲ್ಲ. ದುಂಡಸಿಯ ಬಾವಿಯ ಹತ್ತಿರ ಅವಳ ಮಾತಿಗೆ ಎದುರು ಮಾತಾಡಿ ಗೆದ್ದವರಿಲ್ಲ. ಹಾನಗಲ್ಲ ಕಡೆಯ ತವರಿನಿಂದ ಅವಳ ಜೊತೆ ಬಂದದ್ದು ಎರಡು ಸೀರೆ, ಒಂದು ತಾಮ್ರದ ಕೊಡ ಮತ್ತು ಆ ನಾಲಿಗೆ ಎಂದು ಗಂಡ ಚಂದ್ರಪ್ಪ ನಗುತ್ತಿದ್ದ. ಸೀರೆ ಹರಿದವು, ಕೊಡ ಸೋರಿತು, ನಾಲಿಗೆ ಮಾತ್ರ ಕೊಟ್ಟ ದಿನದ ಹಾಗೇ ಇದೆ ಎಂದು ಮಾತು ಮುಗಿಸುತ್ತಿದ್ದ.

ಅದೇ ನಾಲಿಗೆ ಮಾವನ ಮುಂದೆ ಆಡುತ್ತಿರಲಿಲ್ಲ. ಆ ಕಡೆಯ ಒಕ್ಕಲು ಮನೆಗಳಲ್ಲಿ ಸೊಸೆಯಾದವಳು ಮಾವನ ಮುಖ ನೋಡಿ ಮಾತಾಡುವುದಿಲ್ಲ, ಅವನ ಸಮಕ್ಕೆ ಕೂರುವುದಿಲ್ಲ, ಅವನು ಕುಳಿತಿರುವಾಗ ಎದುರಿಗೆ ಹಾಯುವುದಿಲ್ಲ. ಹಾಗೆಂದು ಮನೆಗೆಲಸ ನಿಲ್ಲುತ್ತದೆಯೇ? ಊಟಕ್ಕೆ ಕರೆಯಬೇಕು, ಎಮ್ಮೆ ಒದ್ದದ್ದು ತಿಳಿಸಬೇಕು. ಅದಕ್ಕೆ ಪಡಸಾಲೆಯ ಕಂಬವಿತ್ತು. ಸೊಸೆ ಸೆರಗು ಮುಂದಕ್ಕೆಳೆದು ಕಂಬದ ಕಡೆ ತಿರುಗಿ, “ರೊಟ್ಟಿ ಆರಾಕತ್ತಾವು,” ಎನ್ನುವಳು. ಮಾವ ಕೆಮ್ಮಿ, ತಾನೂ ಕಂಬಕ್ಕೇ, “ಬಂದ್ನಿ ಅಂತ ಹೇಳು,” ಎನ್ನುವನು. ಹೀಗೆ ಕಂಬವನ್ನು ನಡುವೆ ಇಟ್ಟುಕೊಂಡು ಸಂಸಾರಗಳು ನಡೆದಿವೆ. ಒಳ್ಳೆಯ ಜಗಳಗಳೂ ನಡೆದಿವೆ. ಇದನ್ನು ಹಳ್ಳಿಯವರ ಮೌಢ್ಯ ಎಂದು ತಳ್ಳಿಹಾಕುವವರು, ತಮ್ಮ ಮೇಲಧಿಕಾರಿಯ ಮುಂದೆ ತಾವು ಎಷ್ಟು ಮಾತಾಡಿದ್ದೇವೆ ಎಂದು ಒಮ್ಮೆ ನೆನೆಸಿಕೊಂಡರೆ ಸಾಕು.

ರಾಜ್ಯ ಒಂದಾದ ಮೇಲಿನ ವರ್ಷಗಳು. ಶಿಗ್ಗಾಂವಿಯ ಊರ ಹೊರಗೆ, ತಡಸಕ್ಕೆ ಹೋಗುವ ರಸ್ತೆಯ ಬದಿಗೆ, ಹುಬ್ಬಳ್ಳಿಯ ಸೇಠರೊಬ್ಬರ ಹತ್ತಿ ಗಿರಣಿ ಇತ್ತು. ಹತ್ತಿ ಬಿಡಿಸುವ ಕಾಲಕ್ಕೆ ಹಿರೇಕೆರೂರು, ಹಾನಗಲ್ಲ, ಸವಣೂರು ಕಡೆಯಿಂದ ಹತ್ತಿ ತುಂಬಿದ ದೊಡ್ಡ ಚೀಲಗಳ ಅಂಡಿಗೆ ಹೇರಿದ ಚಕ್ಕಡಿಗಳು ಬಂದು ಗೇಟಿನ ಹೊರಗೆ ಸಾಲುಗಟ್ಟುತ್ತಿದ್ದವು. ಒಳಗೆ ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರಗಳ ಸಾಲು. ಒಂದೊಂದು ಯಂತ್ರಕ್ಕೆ ಒಬ್ಬೊಬ್ಬ ಹೆಂಗಸು ನಿಂತು ಹತ್ತಿ ಉಣಿಸಬೇಕು. ಮುಂದೆ ಬಿಳಿ ಅರಳೆ ಬೀಳುತ್ತದೆ, ಕೆಳಗೆ ಕಾಳು ಉದುರುತ್ತದೆ, ನಡುವೆ ಏಳುವ ಧೂಳೆಲ್ಲ ಹೆಂಗಸರ ಗಂಟಲಿಗೆ ಹೋಗುತ್ತದೆ.

ಈ ಹೆಂಗಸರನ್ನು ಹಂಗಾಮಿಗೆ ಕರೆತರುವವನು ಮುಕಾದಮ ಗುದ್ಲೆಪ್ಪ. ದುಂಡಸಿಯವನು, ಚಂದ್ರಪ್ಪನ ತಂದೆಯ ತಮ್ಮ. ಶೇಖವ್ವನಿಗೆ ಸಣ್ಣಮಾವ. ಉಳಿದ ಹೆಂಗಸರಲ್ಲಿ ಬಹಳಷ್ಟು ಜನ ಅದೇ ಊರಿನ ಸೊಸೆಯರಾದ್ದರಿಂದ ಅವರಿಗೂ ಅವನು ಒಂದಲ್ಲ ಒಂದು ಲೆಕ್ಕದಲ್ಲಿ ಮಾವನೇ. ಗಿರಣಿಯ ಹಿಂದಿನ ತಗಡಿನ ಚಾಳಿನಲ್ಲಿ ಎಲ್ಲರೂ ಮಳೆ ಹಿಡಿಯುವ ತನಕ ಇರುತ್ತಿದ್ದರು. ಬೆಳಿಗ್ಗೆ ಗುದ್ಲೆಪ್ಪ ಮುಂದೆ, ಹೆಂಗಸರು ಹಿಂದೆ, ಹಾಗೆ ಒಳಗೆ ಬರುವರು. ಚಂದ್ರಪ್ಪ ಹಮಾಲಿ ಮಾಡುವಾಗ ಅಂಡಿಗೆ ಬಿದ್ದು ಕಾಲು ಮುರಿದುಕೊಂಡ ವರ್ಷ, ಅವನಿಗೆ ತೂಕದ ಹತ್ತಿರ ಕುಳಿತು ಮಾಡುವ ಕೆಲಸ ಕೊಡಿಸಿ, ಶೇಖವ್ವನನ್ನು ಯಂತ್ರಕ್ಕೆ ನಿಲ್ಲಿಸಿದವನೂ ಗುದ್ಲೆಪ್ಪನೇ. ಕೆಟ್ಟ ಮನುಷ್ಯನಲ್ಲ. ಗಂಟಲು ದೊಡ್ಡದು, ಕೈ ಯಾರ ಮೇಲೂ ಎತ್ತಿದವನಲ್ಲ, ಹೆಂಗಸರ ವಿಷಯದಲ್ಲಿ ನಡತೆ ನೆಟ್ಟಗೆ.

ಗಿರಣಿಯ ಮುಂಬಾಗಿಲ ಪಕ್ಕದಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲುಕಟ್ಟೆ. ಅದು ಮುಕಾದಮನ ಕಟ್ಟೆ. ಅಲ್ಲಿ ಕುಳಿತರೆ ಗೇಟೂ ಕಾಣುತ್ತದೆ, ಬಾಗಿಲೂ ಕಾಣುತ್ತದೆ. ತೊಂದರೆ ಇದ್ದದ್ದು ನೀರಿನದು. ಹತ್ತಿಗೆ ನೀರು ತಾಗಬಾರದೆಂದು ಕುಡಿಯುವ ನೀರಿನ ಹರವಿಗಳನ್ನು ಗಿರಣಿಯ ಹಿಂದೆ ಇಟ್ಟಿದ್ದರು. ಹರವಿಯ ಬಳಿಗೆ ಹೋಗಲು ಎರಡು ಹಾದಿ. ಮುಂಬಾಗಿಲಿನಿಂದ ಹೊರಬಿದ್ದು, ಕಟ್ಟೆಯ ಮುಂದೆ ಹಾಯ್ದು, ಗೋದಾಮು ಸುತ್ತಿ ಹೋಗುವುದು ಒಂದು. ಇಂಜಿನ್ ಕೋಣೆಯಿಂದ ಬರುವ ದೊಡ್ಡ ಪಟ್ಟಾದ ಕೆಳಗೆ ನುಸುಳಿ, ಹಿಂದಿನ ಸಣ್ಣ ಬಾಗಿಲಿನಿಂದ ಹೋಗುವುದು ಇನ್ನೊಂದು. ಆ ಪಟ್ಟಾ ಒಂದು ಗೇಣಿಗಿಂತ ಅಗಲದ ಚರ್ಮದ ಪಟ್ಟಿ. ಆಳೆತ್ತರದ ಗಾಲಿಯಿಂದ ಗಾಲಿಗೆ ಸರಸರನೆ ಓಡುತ್ತಿರುತ್ತದೆ. ಇಂಜಿನ್ ನಿಂತಾಗಲಷ್ಟೇ ಅದು ನಿಲ್ಲುತ್ತದೆ.

ದುಂಡಸಿಯ ಹೆಂಗಸರು ಪಟ್ಟಾದ ಕೆಳಗೇ ಹೋಗುತ್ತಿದ್ದರು. ಮಾವ ಕುಳಿತ ಕಡೆ ದಿನಕ್ಕೆ ಹತ್ತು ಸಲ ಎದುರಿಗೆ ಹಾಯಲು ಯಾರ ಕಾಲೂ ಏಳುತ್ತಿರಲಿಲ್ಲ. ಹೋಗುವಾಗ ಮರ್ಯಾದೆಯಿಂದ ಸೆರಗನ್ನು ತಲೆಯ ತುಂಬ ಹೊದ್ದಿರುತ್ತಿದ್ದರು. ಪಟ್ಟಾದ ಗಾಳಿಗೆ ಮೊದಲು ಏಳುವುದು ಆ ಸೆರಗೇ.

ಒಂದು ಹಂಗಾಮಿನಲ್ಲಿ ಕರೆವ್ವ ಎಂಬವಳ ಸೆರಗು ಪಟ್ಟಾದಲ್ಲಿ ಸಿಕ್ಕಿತು. ಅವಳನ್ನು ಉಳಿಸಿದ್ದು ದೇವರೂ ಅಲ್ಲ, ಇಂಜಿನ್ನಿನವನೂ ಅಲ್ಲ. ಅವಳು ಉಟ್ಟ ಸೀರೆಯ ಹಳೆತನ. ಸೀರೆ ಪರ್ರನೆ ಹರಿದು ಗಾಲಿಗೆ ಸುತ್ತಿಕೊಂಡಿತು, ಕರೆವ್ವ ಹಿಂದಕ್ಕೆ ಬಿದ್ದಳು. ಹಣೆಯ ಮೇಲಿನ ಕೂದಲು ಒಂದಿಷ್ಟು ಹೋಯಿತು. ಅಂದಿನಿಂದ ಹೆಂಗಸರು ಒಂದು ಉಪಾಯ ಕಂಡುಕೊಂಡರು: ಗಿರಣಿಗೆ ಜೀರ್ಣವಾದ ಸೀರೆ ಉಟ್ಟು ಬರುವುದು. ಕಟ್ಟೆಯ ಮುಂದೆ ಹಾಯುವ ಉಪಾಯ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ಬಾಯಿಗೆ ಬರಲಿಲ್ಲ.

ಗುದ್ಲೆಪ್ಪನೂ ಬೈಯುತ್ತಿದ್ದ. “ಪಟ್ಟಾದ ಕೆಳಗ ಯಾಕ ನುಸೀತೀರಿ? ಕಣ್ಣಿಲ್ಲೇನು? ಮುಂದಿನ ಬಾಗಲಾ ಯಾರ ಮುಚ್ಯಾರ?” ಹೆಂಗಸರು ತಲೆ ತಗ್ಗಿಸಿ ಕೇಳುತ್ತಿದ್ದರು. ಬಾಗಿಲು ಮುಚ್ಚಿದ್ದವನು ತಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಸೊಸೆಯರು ಹಿರಿಯರ ಎದುರು ಹಾಯದ ಊರಿನಲ್ಲಿ ಬೆಳೆದವನಿಗೆ, ತನ್ನ ಎದುರಿಗೆ ಯಾರೂ ಹಾಯುತ್ತಿಲ್ಲ ಎನ್ನುವುದು ಕಣ್ಣಿಗೆ ಬೀಳುವ ಸಂಗತಿಯೇ ಆಗಿರಲಿಲ್ಲ.

ಹೀಗಿರುವಾಗ ಶೇಖವ್ವನ ನೆಗೆಣ್ಣಿ ಹುಚ್ಚವ್ವ ಗಿರಣಿಗೆ ಬಂದಳು. ಚಂದ್ರಪ್ಪನ ತಮ್ಮನ ಹೆಂಡತಿ, ಹಿರೇಕೆರೂರಿನ ಕಡೆಯವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳನ್ನು ಕಳಿಸಲು ಅತ್ತೆಗೆ ಮನಸ್ಸಿರಲಿಲ್ಲ. “ಆಕಿನ್ನ ನಾ ನೋಡ್ಕೋತೇನಿ, ನೀ ಚಿಂತಿ ಮಾಡಬ್ಯಾಡ ಅತ್ತಿ,” ಎಂದು ಮಾತು ಕೊಟ್ಟು ಕರೆತಂದವಳು ಶೇಖವ್ವ. ಹುಚ್ಚವ್ವನ ಕೈ ಚುರುಕು, ಮೈಯೆಲ್ಲ ನಗೆ, ನಡೆಯುವ ಕಡೆ ಓಡುವವಳು. ಉಡುತ್ತಿದ್ದದ್ದು ಮದುವೆಯ ಸೀರೆಗಳು. ಗಟ್ಟಿ ನೇಯ್ಗೆಯ ಹೊಸ ಸೀರೆಗಳು.

“ಏ ಹುಚ್ಚೀ, ಹಳೇ ಸೀರಿ ಉಟ್ಕೊಂಡು ಬಾರ,” ಎಂದಳು ಶೇಖವ್ವ ಎರಡನೆಯ ದಿನವೇ.

“ಹೊಸದಾಗಿ ಮದುವಿ ಆದಾಕಿ ಹರಕ ಸೀರಿ ಎಲ್ಲಿಂದ ತರ್ಲಿ ಅಕ್ಕಾ? ನಿನ್ನ ಮೈದುನನ್ನ ಕೇಳು, ಹರದು ಕೊಡ್ತಾನೇನು.”

“ನನ್ನ ಸೀರಿ ಕೊಡ್ತೇನಿ.”

“ನಿನ್ನ ಸೀರಿ ಉಟ್ರ ನಿನ್ನ ಬಾಯೀನೂ ಬಂದೀತು. ಒಂದ ಮನಿಗೆ ಒಂದ ಸಾಕು,” ಎಂದು ನಗುತ್ತ, ಸೆರಗು ಹಾರಿಸಿಕೊಂಡು ಪಟ್ಟಾದ ಕೆಳಗೆ ಹಾಯ್ದು ನೀರಿಗೆ ಓಡಿದಳು. ಶೇಖವ್ವ ಅವಳು ತಿರುಗಿ ಬರುವ ತನಕ ಪಟ್ಟಾವನ್ನೇ ನೋಡುತ್ತ ನಿಂತಿದ್ದಳು. ಯಂತ್ರಕ್ಕೆ ಹತ್ತಿ ಉಣಿಸುವುದು ಮರೆತು ಗುದ್ಲೆಪ್ಪನಿಂದ ಬೈಸಿಕೊಂಡಳು.

ಗಿರಣಿಯ ಮ್ಯಾನೇಜರ್ ನರಸಿಂಹರಾಯರು ಸವಣೂರಿನವರು. ಅವರ ತಂದೆ ಶಾಸ್ತ್ರ ಓದಿದವರು, ಇವರು ಇಂಗ್ಲಿಷ್ ಓದಿದವರು. ಪಟ್ಟಾದ ಅಪಾಯ ಅವರಿಗೆ ಗೊತ್ತಿತ್ತು. ಮೊದಲು “ಪಟ್ಟಾದ ಕೆಳಗೆ ಹಾಯಬಾರದು” ಎಂದು ಹಲಗೆ ಬರೆಸಿ ತೂಗುಹಾಕಿಸಿದರು. ಓದಲು ಬರುತ್ತಿದ್ದವರು ಯಾರೂ ಆ ಕಡೆ ಹಾಯುತ್ತಿರಲಿಲ್ಲ. ಆಮೇಲೆ ಅಡ್ಡಕ್ಕೆ ಒಂದು ಮರದ ತೊಲೆ ಕಟ್ಟಿಸಿದರು. ಹೆಂಗಸರು ತೊಲೆಯ ಕೆಳಗೂ ನುಸುಳಿದರು. ಈಗ ಇನ್ನಷ್ಟು ಬಗ್ಗಬೇಕಾಗಿ ಬಂದದ್ದೊಂದೇ ಲಾಭ. ಇದು ಸೋಮಾರಿತನ, ಸುತ್ತಿ ಹೋಗಲಾರದ ಮೈಗಳ್ಳತನ ಎಂದು ರಾಯರು ತೀರ್ಮಾನಿಸಿದರು. ಓದಿದವರು ಇಂಥ ತೀರ್ಮಾನಕ್ಕೆ ಬೇಗ ಬರುತ್ತಾರೆ.

ಆ ವರ್ಷ ಕಾಮಗಾರರ ಇಲಾಖೆಯಿಂದ ಹೊಸ ಅಪ್ಪಣೆ ಬಂತು. ಕಾರ್ಖಾನೆಗಳಲ್ಲಿ ಸುಧಾರಣಾ ಮಂಡಳಿ ಮಾಡಬೇಕು, ಅದರಲ್ಲಿ ಕೆಲಸಗಾರರೂ ಇರಬೇಕು, ಹೆಂಗಸರು ಇರುವ ಕಡೆ ಒಬ್ಬ ಹೆಂಗಸೂ ಇರಬೇಕು. ಯಾವ ಹೆಂಗಸು ಎಂಬ ಪ್ರಶ್ನೆ ಬಂದಾಗ ಗುದ್ಲೆಪ್ಪನೇ ಹೆಸರು ಹೇಳಿದ. “ನಮ್ಮ ಶೇಖವ್ವನ್ನ ಹಾಕ್ರಿ ರಾಯರ. ನಮ್ಮ ಮನೀ ಸೊಸಿ. ಹೊರಗ ಎಷ್ಟರ ಬಾಯಿ ಇರವಲ್ದ್ಯಾಕ, ನನ್ನ ಮುಂದ ಪಿಟಕ್ ಅನ್ನಂಗಿಲ್ಲ.”

ಅದನ್ನು ಅವನು ಹೊಗಳಿಕೆಯಾಗಿಯೇ ಹೇಳಿದ್ದ.

ಮೊದಲ ಸಭೆ ಕಚೇರಿಯ ಪಡಸಾಲೆಯಲ್ಲಿ ಸೇರಿತು. ಅಪ್ಪಣೆಯಲ್ಲಿ ಇದ್ದಂತೆ ರಾಯರು ಕುರ್ಚಿಗಳನ್ನು ದುಂಡಗೆ ಹಾಕಿಸಿದ್ದರು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎಂದು ತೋರಿಸಲು. ಇಂಜಿನ್ನಿನ ಚೌಡಪ್ಪ ಕುರ್ಚಿಯ ಮೇಲೆ ಕುಳಿತು, ಎದ್ದು, ಕೂರುವ ಜಾಗ ಒರಸಿ ಮತ್ತೆ ಕುಳಿತ. ತೂಕದವರ ಪರವಾಗಿ ಬಂದ ಚಂದ್ರಪ್ಪ ಚಿಕ್ಕಪ್ಪನ ಎದುರು ಕಾಲು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕಾಲು ಕುರ್ಚಿಯ ಕೆಳಗೆ ಸೇರಿಸಿಕೊಂಡ. ಗುದ್ಲೆಪ್ಪ ರಾಯರ ಎದುರು ಕುರ್ಚಿಯ ತುದಿಗೆ ಕುಳಿತಿದ್ದ. ಶೇಖವ್ವ ಕುರ್ಚಿಯ ಕಡೆ ನೋಡಲೂ ಇಲ್ಲ. ಪಡಸಾಲೆಯ ಕಂಬದ ಮರೆಗೆ ನೆಲದ ಮೇಲೆ ಕುಳಿತಳು.

“ಮ್ಯಾಲೆ ಕೂಡವಾ,” ಎಂದರು ರಾಯರು.

“ಇರ್ಲ್ರಿ, ಇಲ್ಲೆ ತಂಪೈತ್ರಿ.”

“ಇಲ್ಲಿ ಮ್ಯಾನೇಜರ್ ಇಲ್ಲ, ಕೂಲಿ ಇಲ್ಲ, ಎಲ್ಲಾರೂ ಸರಿಸಮ. ಗಿರಣಿ ಸುಧಾರಿಸಲಿಕ್ಕೆ ಏನು ಮಾಡಬೇಕು, ಯಾರಿಗೆ ಏನು ತೊಂದರಿ ಅದ, ಮನಸ್ಸು ಬಿಚ್ಚಿ ಹೇಳ್ರಿ.”

ಬೇವಿನ ಮರದಲ್ಲಿ ಕಾಗೆ ಕೂಗಿತು. ಚಂದ್ರಪ್ಪ, “ಎಲ್ಲಾ ಬರೋಬ್ಬರಿ ಐತ್ರಿ,” ಎಂದ. ಚೌಡಪ್ಪನೂ ಬರೋಬ್ಬರಿ ಎಂದ. ಗುದ್ಲೆಪ್ಪ ಇಬ್ಬರಿಗಿಂತ ಗಟ್ಟಿಯಾಗಿ ಬರೋಬ್ಬರಿ ಎಂದ.

“ಮತ್ತ ಪಟ್ಟಾದ ಕೆಳಗ ಹೆಂಗಸರು ಯಾಕ ಹಾಯ್ತಾರ? ಶೇಖವ್ವಾ, ನೀ ಹೇಳು.”

ಶೇಖವ್ವ ಕಂಬದ ಹಿಂದೆ ಸೆರಗು ಎಳೆದುಕೊಂಡಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ರಾಯರು ಮುಕಾದಮನನ್ನು ಕಟ್ಟೆಯಿಂದ ಎಬ್ಬಿಸುವರು. ಗುದ್ಲೆಪ್ಪ ಏನೂ ಅನ್ನದೆ ಏಳುವನು. ಆ ವಾರ ಮುಗಿಯುವುದರೊಳಗೆ ದುಂಡಸಿಯಲ್ಲಿ, ಗಂಡನ ಕಾಲು ಮುರಿದ ವರ್ಷ ಅನ್ನಕ್ಕೆ ಹಾದಿ ಮಾಡಿಕೊಟ್ಟ ಮಾವನ ಮೇಲೆ ಸೊಸೆ ರಾಯರಿಗೆ ಚಾಡಿ ಹೇಳಿದಳಂತೆ ಎಂಬ ಮಾತು ಮನೆಮನೆ ಹೊಕ್ಕಿರುವುದು. ಸುಧಾರಣೆ ಗಿರಣಿಯದು, ಅವಳು ಹೋಗಿ ಬಾಳಬೇಕಾದದ್ದು ದುಂಡಸಿಯಲ್ಲಿ.

“ಏನೂ ಇಲ್ರಿ,” ಎಂದಳು. ಸಭೆ ಚಹಾ ಕುಡಿದು ಮುಗಿಯಿತು.

ಹೊರಗೆ ಬಂದ ಮೇಲೆ ಗಂಡನನ್ನು ಹಿಡಿದಳು. “ನೀವ್ ಹೇಳ್ರಿ. ಗಂಡಸರು, ಹೊರಗ ಊರೆಲ್ಲಾ ಮಾತಾಡ್ತೀರಿ.”

“ಏನಂತ ಹೇಳ್ಲಿ? ಕಾಕಾ, ನೀ ಕಟ್ಟಿ ಬಿಟ್ಟು ಏಳು, ನನ್ನ ಹೇಣ್ತಿಗೆ ನೀರಡಿಕಿ ಆಗೇತಿ ಅನ್ಲೇನು? ಆಂವ ನನ್ನ ಹೆಗಲ ಮ್ಯಾಲ ಹೊತ್ತು ಆಡಿಸ್ಯಾನ.”

“ಆಗ ಹೊತ್ತಿದ್ದಕ್ಕ ಈಗ ಕಾಲೂ ಇಲ್ಲ, ಬಾಯೀನೂ ಇಲ್ಲ.”

“ಕಾಲು ಐತಿ, ಸ್ವಲ್ಪ ಸೊಟ್ಟೈತಿ,” ಎಂದು ಚಂದ್ರಪ್ಪ ನಗುತ್ತ ತಕ್ಕಡಿಯ ಕಡೆ ಹೋದ.

ಆಮೇಲೆ ನೀರಿನ ಹರವಿಯ ಹತ್ತಿರ ಮಾಬೂಬಿಯನ್ನು ಕೇಳಿದಳು. ಮಾಬೂಬಿ ಸವಣೂರಿನವಳು, ಪಕ್ಕದ ಯಂತ್ರದವಳು. ಗುದ್ಲೆಪ್ಪ ಅವಳಿಗೆ ಮಾವನಲ್ಲ. “ಸಲಾಂ ಚಾಚಾ” ಎಂದು ಕಟ್ಟೆಯ ಮುಂದಿನಿಂದಲೇ ನೀರಿಗೆ ಹೋಗಿಬರುತ್ತಿದ್ದಳು.

“ನೀ ರಾಯರಿಗೆ ಒಂದ್ ಮಾತ್ ಹೇಳ. ನಿನಗೇನು ಹೆದರಿಕಿ?”

ಮಾಬೂಬಿ ಹರವಿಯಿಂದ ನೀರು ಮೊಗೆದು ಅವಳ ಕೈಗೆ ಕೊಟ್ಟಳು. “ಅಕ್ಕಾ, ನಾ ಹೇಳಿದ್ರ ಏನಂತಾರ? ಸಾಬರಾಕಿ ಮುಕಾದಮನ ಕಟ್ಟೀ ಕಿತ್ತ್ಲು ಅಂತಾರ. ನಿಮ್ಮ ಮಾವ, ನಿಮ್ಮ ನೀರು, ನಿಮ್ಮ ಪಟ್ಟಾ. ನಿಮ್ಮ ಮನಿ ಮಾತು ನೀವ ಆಡ್ರಿ. ನನ್ನ ಹಾದಿ ಸಾಫ್ ಐತಿ.” ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶೇಖವ್ವ ನೀರು ಕುಡಿದು, ಪಟ್ಟಾದ ಕೆಳಗೆ ಬಗ್ಗಿ ಒಳಗೆ ಬಂದಳು.

ಹಂಗಾಮು ಏರಿದ ಹೊತ್ತಿನಲ್ಲಿ ಅದು ಆಯಿತು; ಅಥವಾ ಆಗುವುದು ಸ್ವಲ್ಪದರಲ್ಲಿ ತಪ್ಪಿತು. ಹುಚ್ಚವ್ವ ನೀರು ಕುಡಿದು ಓಡುತ್ತ ಬಂದು ತೊಲೆಗೆ ಬಗ್ಗಿದಳು. ಸೆರಗು ಎದ್ದು ಪಟ್ಟಾಕ್ಕೆ ತಾಗಿತು. ಪಟ್ಟಾ ಅದನ್ನು ಒಂದು ಮೊಳ ಎಳೆದು, ಏಕೋ ಏನೋ, ಚಟ್ಟನೆ ಹೊಡೆದು ಬಿಟ್ಟಿತು. ಸೀರೆ ಹರಿಯಲಿಲ್ಲ. ಹೊಸ ಸೀರೆ, ಹರಿಯುವಂಥದಲ್ಲ. ಹುಚ್ಚವ್ವ ನೆಲದ ಮೇಲೆ ಕುಳಿತು ನಗಲು ಹೋದಳು, ನಗೆ ಬರಲಿಲ್ಲ. ಶೇಖವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ, ಎರಡು ಬೈಗಳು ಬೈದು, ಮೂರನೆಯದನ್ನು ನುಂಗಿಕೊಂಡು ಅವಳ ಸೆರಗಿನ ಧೂಳು ಕೊಡವಿದಳು.

ಗಿರಣಿಯ ಒಳಗೆ ಕಾಣುವ ಕಚೇರಿಯ ಕಿಟಕಿಯಿಂದ ರಾಯರು ಇದನ್ನು ನೋಡಿದ್ದರು. ಎರಡನೆಯ ಸಭೆಗೆ ಕಾಮಗಾರರ ಇಲಾಖೆಯ ಅಧಿಕಾರಿಯೇ ಬರುವವರಿದ್ದರು. ಬಂದರು. ಇನ್ನೂ ಎಳೆಯ ವಯಸ್ಸು, ಬೂಟು, ಕಂಕುಳಲ್ಲಿ ಕಾಗದದ ಚೀಲ. ಎಲ್ಲರೂ ಅವರನ್ನು ಲೇಬರ್ ಸಾಹೇಬರು ಎಂದರು. ಅದೇ ಕುರ್ಚಿ, ಅದೇ ದುಂಡು, ಅದೇ ಕಂಬ. ಸಾಹೇಬರು ತೊಂದರೆ ಏನೆಂದು ಕೇಳಿದರು. ಎಲ್ಲ ಬರೋಬ್ಬರಿ ಇತ್ತು.

“ನೋಡ್ರಿ, ಇದೇ ಆಗ್ಯದ ನಮ್ಮ ಗೋಳು,” ಎಂದರು ರಾಯರು. ಈ ಸಲ ದನಿಯಲ್ಲಿ ಸಿಟ್ಟಿತ್ತು. “ಕೇಳಿದರ ಬಾಯಿ ಬಿಡೂದಿಲ್ಲ, ಹೇಳಿದರ ಕೇಳೂದಿಲ್ಲ. ನಾಳಿಯಿಂದ ಪಟ್ಟಾದ ಕೆಳಗ ಹಾಯ್ದವರನ್ನ ಹಂಗಾಮು ಮುಗಿಯೂತನಕ ಕೆಲಸಕ್ಕ ತಗೊಳ್ಳೂದಿಲ್ಲ. ಮೊದಲು ಆ ಹೊಸಾ ಹುಡುಗಿ, ಏನಕಿ ಹೆಸರು, ಹುಚ್ಚವ್ವ, ಆಕೀನ ಊರಿಗೆ ಕಳಸ್ರಿ. ಗುದ್ಲೆಪ್ಪಾ, ತಿಳೀತೋ?”

“ತಿಳೀತ್ರಿ,” ಎಂದ ಗುದ್ಲೆಪ್ಪ. ಅವನ ಮುಖ ಸಣ್ಣದಾಗಿತ್ತು. ಅವಳೂ ಅವನ ಮನೆಯ ಸೊಸೆಯೇ.

ಕಂಬದ ಮರೆಯಲ್ಲಿ ಶೇಖವ್ವನಿಗೆ ಲೆಕ್ಕ ಸ್ಪಷ್ಟವಾಯಿತು. ಹುಚ್ಚವ್ವನನ್ನು ಕಳಿಸಿದರೆ ಅವಳೊಬ್ಬಳು ಉಳಿದಾಳು. ಉಳಿದವರು ಇನ್ನು ರಾಯರ ಕಣ್ಣು ತಪ್ಪಿಸಿ ಓಡುತ್ತ ಹಾಯುವರು. ಓಡುವವರನ್ನೇ ಪಟ್ಟಾ ಹಿಡಿಯುತ್ತದೆ. ಹೇಳಲೇಬೇಕು. ಮಾವನ ಮುಖ ನೋಡಿ ಹೇಳುವುದು ಈ ಜನ್ಮದಲ್ಲಿ ಆಗದ ಕೆಲಸ. ರಾಯರಿಗೆ ಹೇಳಿದರೆ ಚಾಡಿ. ಅವಳು ತಲೆಯೆತ್ತಿದಳು. ಎದುರಿಗೆ ಕಂಬವಿತ್ತು. ಮನೆಯ ಕಂಬಕ್ಕಿಂತ ನುಣುಪು, ಬಣ್ಣ ಹಚ್ಚಿದ್ದು, ಆದರೆ ಕಂಬವೇ. ಎರಡು ಸಭೆ ಅದರ ಮಗ್ಗುಲಲ್ಲೇ ಕುಳಿತಿದ್ದಳು.

ಸೆರಗು ಮುಂದಕ್ಕೆಳೆದು, ಎದ್ದು ನಿಂತು, ಕಂಬಕ್ಕೆ ಮುಖ ಮಾಡಿದಳು.

“ಏ ಕಂಬಾ, ಕೇಳಿಲ್ಲೆ,” ಎಂದಳು ಗಟ್ಟಿಯಾಗಿ.

ಲೇಬರ್ ಸಾಹೇಬರು ಬೆಚ್ಚಿದರು. “ಈ ಹೆಂಗಸಿಗೆ ಏನಾಗಿದೆ? ಮೈಯಲ್ಲಿ ಆರಾಮ ಇಲ್ಲವೇ?”

ನರಸಿಂಹರಾಯರು ಕೈ ಎತ್ತಿ ಅವರನ್ನು ತಡೆದರು. ಸವಣೂರಿನ ಮನೆಯಲ್ಲಿ ಅವರ ತಂದೆ ಪಡಸಾಲೆಯಲ್ಲಿ ಕುಳಿತಾಗ, ಮನೆಯ ಸೊಸೆ, ರಾಯರ ಹೆಂಡತಿ ತುಳಸಾಬಾಯಿ ಅಡಿಗೆಮನೆಯ ಬಾಗಿಲಿಗೆ, “ಎಲಿ ಹಾಕೇದ,” ಎಂದು ಹೇಳುತ್ತಿದ್ದುದನ್ನು ಅವರು ದಿನವೂ ಕೇಳಿದವರು. ಬಾಗಿಲೋ ಕಂಬವೋ, ಪದ್ಧತಿ ಒಂದೇ. “ಸುಮ್ಮನಿರ್ರಿ ಸಾಹೇಬರ,” ಎಂದರು ಮೆಲ್ಲಗೆ. “ಆಕಿ ಈಗ ಮಾತಾಡ್ಲಿಕತ್ತಾಳ.”

“ಏ ಕಂಬಾ, ಹಿರಿಯಾರು ಕುಂತ ಕಡೆ ಸೊಸ್ತ್ಯಾರು ಎದುರು ಹಾಯಬಾರದಂತ ನಮಗ ಅವ್ವ ಅಪ್ಪ ಕಲಿಸ್ಯಾರ. ಅದು ನಮ್ಮ ತಪ್ಪಲ್ಲ. ಹಿರಿಯಾರು ಮರದ ನೆಳ್ಳಾಗ ಕುಂತಾರ. ಅದು ಅವರ ತಪ್ಪೂ ಅಲ್ಲ. ಕಟ್ಟಿ ಮುಂದೈತಿ, ನೀರು ಹಿಂದೈತಿ, ನಡುವ ಪಟ್ಟಾ ಐತಿ. ಪಟ್ಟಾಕ್ಕ ಮಾವ ಗೊತ್ತಿಲ್ಲ, ಸೊಸಿ ಗೊತ್ತಿಲ್ಲ. ಕರೆವ್ವನ ಸೀರಿ ಹಳೇದಿತ್ತು, ಬಿಡ್ತು. ನಮ್ಮ ಹುಚ್ಚೀದು ಹೊಸಾದೈತಿ. ಆಕೀ ಅತ್ತಿಗೆ ನಾ ಮಾತು ಕೊಟ್ಟೇನಿ. ಇದನ್ನ ಯಾರಿಗೆ ಹೇಳಬೇಕು, ಹ್ಯಾಂಗ ಹೇಳಬೇಕು, ನನಗ ತಿಳೀವಲ್ದು. ಅದಕ್ಕ ನಿನಗ ಹೇಳೇನಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ.”

ಹೇಳಿ ಕುಳಿತುಬಿಟ್ಟಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚಂದ್ರಪ್ಪ ತನ್ನ ಸೊಟ್ಟ ಕಾಲನ್ನು ನೋಡುತ್ತಿದ್ದ. ಗುದ್ಲೆಪ್ಪನ ಕಿವಿ ಕೆಂಪಾಗಿತ್ತು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ, ಮತ್ತೆ ಕಟ್ಟಿಕೊಂಡ. ಆಮೇಲೆ ಕೆಮ್ಮಿದ. ಆ ಕೆಮ್ಮನ್ನು ಕೇಳಿದ ಕೂಡಲೇ ಶೇಖವ್ವನಿಗೆ ಅರ್ಧ ಜೀವ ಬಂತು. ಮಾವಂದಿರು ಜಗಳಕ್ಕೆ ಕೆಮ್ಮುವುದೇ ಬೇರೆ.

“ಕಂಬಕ್ಕ ಕೇಳ್ರಿ,” ಎಂದ ಕಂಬದ ಕಡೆ ನೋಡುತ್ತ. “ಇಷ್ಟ ದಿನ ಯಾಕ ಹೇಳಲಿಲ್ಲಂತ ಕೇಳ್ರಿ. ನಾ ಏನು ಹುಲೀ ಏನು?”

“ಕಂಬ ಕೇಳಿದ್ದಿಲ್ಲ,” ಎಂದಳು ಶೇಖವ್ವ ಕಂಬಕ್ಕೆ.

ಚೌಡಪ್ಪ ಗೊಳ್ಳೆಂದು ನಕ್ಕು, ಕೆಮ್ಮಿನೊಳಗೆ ಮುಚ್ಚಿಕೊಂಡ. ಗುದ್ಲೆಪ್ಪನ ಮೀಸೆಯೂ ಅಲುಗಿತು.

“ಹಂಗಾರ ಇದನ್ನೂ ಹೇಳ್ರಿ ಕಂಬಕ್ಕ,” ಎಂದ. “ಆ ಕಟ್ಟೀ ಮ್ಯಾಲ ಬಿಸಲು ಭಾಳ ಆಗೇತಿ. ಕುಂದ್ರಾಕ ಆಗವಲ್ದು. ನಾಳಿಂದ ನಾ ತಕ್ಕಡಿ ಕಡೆ ಕುಂದರ್ತೇನಿ.”

ದಿನವಿಡೀ ಬೇವಿನ ನೆರಳು ಬಿಡದ ಕಟ್ಟೆ ಅದು. ಪಡಸಾಲೆಯ ಕಿಟಕಿಯಿಂದ ನೋಡಿದರೆ ಆಗಲೂ ಕರಿನೆರಳು ಅದರ ಮೇಲಿತ್ತು.

“ಹೌದ್ರಿ, ಭಾಳ ಬಿಸಲು,” ಎಂದ ಚಂದ್ರಪ್ಪ.

“ಬೆಂಕಿ ಬಿಸಲ್ರಿ,” ಎಂದ ಚೌಡಪ್ಪ.

ನರಸಿಂಹರಾಯರೂ ಕಿಟಕಿಯಿಂದ ಒಮ್ಮೆ ನೋಡಿ, ಗಂಭೀರವಾಗಿ ತಲೆಯಾಡಿಸಿದರು. “ಖರೆ ಅದ. ಮುಕಾದಮರಿಗೆ ಭಾಳ ತ್ರಾಸಾಗಿರಬೇಕು. ಹುಚ್ಚವ್ವನ್ನ ಊರಿಗೆ ಕಳಸೂ ಮಾತು ಈಗ ಬ್ಯಾಡ.” ಲೇಬರ್ ಸಾಹೇಬರು ತಮ್ಮ ವರದಿಯಲ್ಲಿ, ಮುಕಾದಮರ ಆಸನಕ್ಕೆ ಬಿಸಿಲಿನ ಬಾಧೆ ಇದ್ದದ್ದನ್ನು ಮಂಡಳಿಯು ಒಮ್ಮತದಿಂದ ನಿವಾರಿಸಿತು ಎಂದು ಬರೆದುಕೊಂಡು ಹೋದರು.

ಮರುದಿನ ಹೆಂಗಸರು ಮುಂಬಾಗಿಲಿನಿಂದ ಹೊರಬಿದ್ದು, ಖಾಲಿ ಕಟ್ಟೆಯ ಮುಂದೆ ನೆಟ್ಟಗೆ ನಡೆದುಹೋದರು. ಒಬ್ಬಿಬ್ಬರು ಅಭ್ಯಾಸಕ್ಕೆ ಖಾಲಿ ಕಟ್ಟೆಗೂ ಸೆರಗು ಎಳೆದುಕೊಂಡರು. ಹುಚ್ಚವ್ವ ಹೊಸ ಸೀರೆಯಲ್ಲಿ ಬೀಗುತ್ತ, ಬೇಕೆಂದೇ ನಿಧಾನವಾಗಿ ಹೋಗಿ ಬಂದಳು. ದುಂಡಸಿಯಲ್ಲಿ ಯಾವ ಮಾತೂ ಏಳಲಿಲ್ಲ. ಏಳಲು ಏನಿತ್ತು? ಸೊಸೆ ಮಾವನಿಗೆ ಏನೂ ಅಂದಿರಲಿಲ್ಲ, ಮಾವ ಬಿಸಿಲಿಗೆ ಎದ್ದು ಹೋಗಿದ್ದ. ಗುದ್ಲೆಪ್ಪ ಶೇಖವ್ವನನ್ನು ಮತ್ತೆ ಆ ವಿಷಯ ಕೇಳಲಿಲ್ಲ. ಹಂಗಾಮು ಮುಗಿದು ಊರಿಗೆ ಹೋಗುವಾಗ ಮಾತ್ರ, ಚಕ್ಕಡಿಯಲ್ಲಿ ಹುಚ್ಚವ್ವ ಕುಳಿತಿದ್ದನ್ನು ನೋಡಿ, ಎತ್ತಿಗೆ ಹೇಳಿದ: “ನಮ್ಮ ಮನೀ ಸೊಸ್ತ್ಯಾರು ಭಾಳ ಶಾಣ್ಯಾರ ಬಿಡಪಾ.” ಶೇಖವ್ವ ಎತ್ತಿನ ಬೆನ್ನು ತಟ್ಟಿ ಚಕ್ಕಡಿ ಹತ್ತಿದಳು.

ಆಮೇಲಿನ ಸಭೆಗಳಲ್ಲಿ ಕಂಬಕ್ಕೆ ಕೆಲಸ ಹೆಚ್ಚಿತು. ಚೌಡಪ್ಪನಿಗೆ ಯಾರೂ ಮಾವ ಇರಲಿಲ್ಲ. ಆದರೂ ಇಂಜಿನ್ನಿನ ಎಣ್ಣೆ ಕಲಬೆರಕೆ ಎಂಬುದನ್ನು, ಎಣ್ಣೆ ಕಳಿಸುವವರು ಸೇಠರ ಬೀಗರಾದ್ದರಿಂದ, ಅವನು ಕಂಬಕ್ಕೇ ಹೇಳಿದ. ರಾಯರು ಒಮ್ಮೆ, ತಮ್ಮ ಮಾತನ್ನು ಸೇಠರು ಕೇಳುವುದಿಲ್ಲವೆಂದು ತಾವೇ ಕಂಬದ ಕಡೆ ತಿರುಗಿ ನಿಟ್ಟುಸಿರು ಬಿಟ್ಟರಂತೆ. ಇದನ್ನು ಚಂದ್ರಪ್ಪ ಹೇಳುತ್ತಿದ್ದ. ಅವನ ಮಾತಿನಲ್ಲಿ ಅರ್ಧ ಬಿಟ್ಟು ಕೇಳಬೇಕು.

ವರ್ಷಗಳು ಹೋದವು. ಗುದ್ಲೆಪ್ಪ ಮೊಣಕಾಲು ನೋವಿನಿಂದ ದುಂಡಸಿಯಲ್ಲೇ ಉಳಿದ. ಹೆಂಗಸರ ಪಾಳಿಗೆ ರಾಯರು ಶೇಖವ್ವನನ್ನೇ ಮುಕಾದಮಳಾಗಿ ಮಾಡಿದರು. ಅವಳು ಒಳ್ಳೆಯ ಮುಕಾದಮಳು. ಕಟ್ಟೆಯ ಮೇಲೆ ಎಂದೂ ಕುಳಿತುಕೊಳ್ಳಲಿಲ್ಲ. ಗಿರಣಿಯ ಒಳಗೇ ಒಂದು ಮಣೆ ಹಾಕಿಕೊಂಡು, ಯಾರು ಬೇಕಾದರೂ ತನ್ನ ಹತ್ತಿರ ಬಂದು ಮಾತಾಡಬಹುದು ಎಂದು ಎಲ್ಲರಿಗೂ ಹೇಳಿದ್ದಳು. ಯಾರೂ ಬರುತ್ತಿರಲಿಲ್ಲ. ಎಲ್ಲ ಸರಿಯಾಗಿದೆ, ಅದಕ್ಕೇ ಬರುವುದಿಲ್ಲ ಎಂದು ಅವಳು ಸಂತೋಷವಾಗಿದ್ದಳು.

ಆ ಸಂತೋಷವನ್ನು ಕೆಡಿಸಿದವಳು ಶಂಕ್ರವ್ವ. ಶೇಖವ್ವನ ಹಿರಿಯ ಮಗನಿಗೆ ತಡಸದಿಂದ ತಂದ ಸೊಸೆ. ಹುಡುಗಿ ಕೆಲಸದಲ್ಲಿ ಗಟ್ಟಿ, ಆದರೆ ಗಿರಣಿಯಲ್ಲಿ ಅತ್ತೆಯ ಮಣೆ ಇದ್ದ ಕಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಅರಳೆ ತುಂಬಿದ ಬುಟ್ಟಿ ಹೊತ್ತು ಹತ್ತಿರದ ಹಾದಿ ಬಿಟ್ಟು ಯಂತ್ರಗಳ ಸಾಲನ್ನೆಲ್ಲ ಸುತ್ತಿ ಹೋಗುತ್ತಿದ್ದಳು. ಶೇಖವ್ವ ಕೆಲವು ದಿನ ನೋಡಿದಳು. ಆಮೇಲೆ ಕರೆದಳು.

“ಯಾಕ ಸುತ್ತ ಹಾಕ್ತೀ? ಏನಾಗೇತಿ?”

“ಏನಿಲ್ರಿ ಅತ್ತಿ,” ಎಂದಳು ಶಂಕ್ರವ್ವ ನೆಲ ನೋಡುತ್ತ. “ಎಲ್ಲಾ ಬರೋಬ್ಬರಿ ಐತ್ರಿ.”

ಶೇಖವ್ವನಿಗೆ ಆ ಮಾತು ಎಲ್ಲೋ ಕೇಳಿದ ಹಾಗಾಯಿತು. ಎಲ್ಲಿ ಎಂದು ನೆನಪಾದಾಗ ಮುಖ ಬಿಸಿಯಾಯಿತು. ಪಕ್ಕದ ಯಂತ್ರದಲ್ಲಿ ಹುಚ್ಚವ್ವ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಈಗ ಅವಳ ಸೀರೆಗಳೂ ಹಳೆಯವಾಗಿದ್ದವು, ಬಾಯಿ ಮಾತ್ರ ಹೊಸದಾಗಿ ಚಿಗುರಿತ್ತು. “ಅಕ್ಕಾ,” ಎಂದಳು, “ನೀ ಮಣೀ ಮ್ಯಾಲ ಕುಂತ್ರೂ ಅದು ಕಟ್ಟೀನ. ನಿನ್ನ ಮಾರಿ ನೋಡಿದ್ರ ನನಗ ಒಮ್ಮೊಮ್ಮೆ ಗುದ್ಲೆಪ್ಪ ಮಾವನ ಮೀಸಿ ಕಾಣತೈತಿ.”

ಶೇಖವ್ವ ಅವಳನ್ನು ಬೈಯಲಿಲ್ಲ. ಮಣೆಯ ಮೇಲೆ ಕುಳಿತೇ ತಿರುಗಿ, ಗಿರಣಿಯ ಮಾಡಿಗೆ ಕೊಟ್ಟಿದ್ದ ಮರದ ಕಂಬದ ಕಡೆ ಮುಖ ಮಾಡಿ, ಸೊಸೆಗೆ ಬೆನ್ನು ಹಾಕಿದಳು. ಯಂತ್ರಗಳು ಗಡಗಡ ಅನ್ನುತ್ತಿದ್ದವು. ಹುಡುಗಿ ಹೋಗಿಯೇಬಿಟ್ಟಳೇನೋ ಅನ್ನಿಸಿತು. ಆಗ ಹಿಂದಿನಿಂದ ತೆಳ್ಳಗಿನ ದನಿ ಬಂತು.

“ಏ ಕಂಬಾ, ನಮ್ಮ ಅತ್ತಿ ಭಾಳ ಛೊಲೊ ಅದಾರ. ಆದ್ರ ಎಲ್ಲಾರ ಮುಂದ ಜೋರಾಗಿ ಬೈತಾರ. ಬುಟ್ಟಿ ಬಿದ್ದಿದ್ದಕ್ಕ ಮೊನ್ನಿ ಹಮಾಲರ ಮುಂದ ಬೈದ್ರು. ತಪ್ಪಾದ್ರ ಬೈಲಿ. ಒಳಗ ಕರದು ಬೈದ್ರ ಸಾಕಂತ ಹೇಳು.”

ಶೇಖವ್ವ ಕಂಬವನ್ನು ನೋಡಿದಳು. ಕೇಳುವುದು ಇಷ್ಟು ಕಷ್ಟದ ಕೆಲಸ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಗುದ್ಲೆಪ್ಪ ಮಾವ ಅಂದು ರುಮಾಲು ಯಾಕೆ ಬಿಚ್ಚಿ ಕಟ್ಟಿದನೆಂದು ಈಗ ತಿಳಿಯಿತು. ಅವಳಿಗೆ ರುಮಾಲು ಇರಲಿಲ್ಲ; ಸೆರಗು ಸರಿಮಾಡಿಕೊಂಡಳು. ಆಮೇಲೆ ಕೆಮ್ಮಿದಳು.

“ಕಂಬಕ್ಕ ಹೇಳು,” ಎಂದಳು, “ಈ ಗಿರಣ್ಯಾಗ ಗದ್ದಲ ಭಾಳ. ಬೈದ್ರ ಕೇಳ್ಸೂದಿಲ್ಲ. ಇನ್ನ ಮುಂದ ಬೈಯೂದಿದ್ರ ಕ್ವಾಣ್ಯಾಗ ಕರದ ಬೈತೇನಿ.”

“ಹೌದ್ ಬಿಡು, ಗದ್ದಲ ಭಾಳ,” ಎಂದಳು ಹುಚ್ಚವ್ವ. ಎಲ್ಲ ಯಂತ್ರಗಳ ಸದ್ದನ್ನೂ ಮೀರಿ ಶೇಖವ್ವನ ಬೈಗಳು ರಸ್ತೆಯ ತನಕ ಕೇಳುತ್ತಿದ್ದುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಎರಡು ದಿನ ಬಿಟ್ಟು ಶಂಕ್ರವ್ವ ಮತ್ತೆ ಬುಟ್ಟಿ ಕೆಡವಿದಳು. ಈ ಸಲ ಸುತ್ತಿ ಹೋಗದೆ, ಮಣೆಯ ಮುಂದಿನ ಹತ್ತಿರದ ಹಾದಿಯಲ್ಲಿ ಹೋಗುವಾಗ. ಅರಳೆ ಅತ್ತೆಯ ಕಾಲ ಮೇಲೆಯೇ ಚೆಲ್ಲಿತು. ಶೇಖವ್ವ ಬಾಯಿ ತೆರೆದಳು, ಮುಚ್ಚಿದಳು, ಎದ್ದು ಸೊಸೆಯನ್ನು ತೂಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಮನಸ್ಸು ತುಂಬ ಬೈದಳು.